ಐದು ಮೀಟರ್ ನೀರು

ಮೊದಲು ಅಳಿಸಿದ್ದು ರಸ್ತೆ.
ಆಮೇಲೆ ಬಸ್ ನಿಲ್ದಾಣ, ಪೆಟ್ರೋಲ್ ಬಂಕು,
ನಾನೇ ಓದಿದ ಶಾಲೆ, ಅದರ ಹಳದಿ ಗೋಡೆ.
ಬೆರಳಿನ ಒಂದೊಂದು ಒತ್ತಿಗೆ ಒಂದೊಂದು ಶತಮಾನ.
ಉಪ್‌ಲಾಂಡಿನ ಈ ಕರಾವಳಿಯಲ್ಲಿ
ನಮ್ಮ ಊರಿಗೆ ಅಂಥ ಭಾರವೇನಿಲ್ಲ.

ಬಳಿಕ ಕಡಲನ್ನು ಎತ್ತಬೇಕು.
ಹಿಮ ಹೊತ್ತು ಕುಗ್ಗಿದ್ದ ನೆಲವಿದು;
ಹೊರೆ ಇಳಿದು ಹತ್ತು ಸಾವಿರ ವರ್ಷವಾದರೂ
ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಲೇ ಇದೆ,
ವರ್ಷಕ್ಕೆ ಒಂದು ಜವೆಗೋಧಿ ಕಾಳಿನಷ್ಟು.
ಸಾವಿರದ ನೂರು ವರ್ಷ ಹಿಂದಕ್ಕೆ ಹೋಗಲು
ಐದು ಮೀಟರ್ ನೀರು ಸಾಕು, ಅಂದಳು ಗುನ್‌ವೋರ್.
ಬರೆದೆ: ಐದು.
ಆಲೂಗಡ್ಡೆ ಹೊಲ ಕೊಲ್ಲಿಯಾಯಿತು,
ಚರ್ಚಿನ ದಿಬ್ಬ ನಡುಗಡ್ಡೆಯಾಯಿತು.
ಚರ್ಚನ್ನು ಅಳಿಸಲು ಮರೆತಿದ್ದೆ.

ಗುನ್‌ವೋರ್ ಜೌಗಿನ ಕೆಸರು ಬಗೆದು ಪರಾಗ ಎಣಿಸುವವಳು.
ಮೂವತ್ತು ವರ್ಷ ಸೂಕ್ಷ್ಮದರ್ಶಕಕ್ಕೆ ಬಗ್ಗಿ
ಒಂದು ಕಣ್ಣು ಕಿರಿದಾಗಿದೆ.
"ನೀನು ನೆಟ್ಟ ಸ್ಪ್ರೂಸ್ ಮರ ಕಿತ್ತು ಹಾಕು, ಅರ್ಧಕ್ಕರ್ಧ.
ಇಲ್ಲಿ ಬರ್ಚ್. ಇಲ್ಲಿ ದನ ಮೇದ ಬಯಲು."
ಅಗಸೆಯ ಪರಾಗ ಎಷ್ಟು ಸಿಕ್ಕಿತು, ಕೇಳಿದೆ.
"ಒಂದು."
ಆ ಒಂದಕ್ಕಾಗಿ ಇಡೀ ನೀಲಿ ಹೂವಿನ ಹೊಲ ಬಿತ್ತಿದೆ.
ತಪ್ಪಿರಬಹುದು. ಯಾರದೋ ಬಟ್ಟೆಗೆ ಅಂಟಿ
ದೂರದಿಂದ ಬಂದದ್ದಿರಬಹುದು.
ಆದರೂ ಯಾರೋ ಇದ್ದರಲ್ಲ, ಬಟ್ಟೆ ಇತ್ತಲ್ಲ.

ಸ್ಟಾಕ್‌ಹೋಮಿನಿಂದ ಬರುವ ಇಸಾಕ್‌ಗೆ ತೋಳ ಬೇಕು,
ಕೊಡಲಿ ಬೇಕು, ಹೊತ್ತಿ ಉರಿಯುವ ಸೂರು ಬೇಕು.
ಕೊಟ್ಟೆ. ದುಡ್ಡು ಅವನದು.
ನಡುನಡುವೆ ಯಾರೂ ಕೇಳದ್ದನ್ನೂ ಇಟ್ಟೆ:
ಮೀನು ಒಣಗಿಸುವ ಗಳ, ಕಾಲು ಮುರಿದ ಮುಕ್ಕಾಲಿ,
ಸಂಜೆ ಹಸುವನ್ನು ಕರೆಯುವ ಒಬ್ಬ ಹೆಂಗಸು.
ಯಾವ ಮಾತಿನಲ್ಲಿ ಕರೆದಳೋ ಯಾರಿಗೆ ಗೊತ್ತು;
ದನಿಯ ಜಾಗ ಖಾಲಿ ಬಿಟ್ಟು
ಹಸು ತಿರುಗಿ ನೋಡುವುದನ್ನು ಮಾತ್ರ ಮಾಡಿದೆ.

ಆಟ ಪರೀಕ್ಷಿಸಲು ಆಲ್ವಾರ್‌ನನ್ನು ಕರೆದೆ.
ಎಂಬತ್ತೊಂದರ ಬೆಸ್ತ. ಅವನಜ್ಜನ ದೋಣಿಮನೆ
ಈಗ ಹುಲ್ಲಿನ ನಡುವೆ ನಿಂತಿದೆ,
ನೀರಿಗೆ ನಲವತ್ತು ಹೆಜ್ಜೆ ದೂರ,
ಕರೆದವರು ಬಾರದ ಮದುವೆ ಚಪ್ಪರದ ಹಾಗೆ.

ತೋಳ ಊಳಿಟ್ಟಿತು, ಅವನು ನೋಡಲಿಲ್ಲ.
ಹೆಬ್ಬೆರಳಲ್ಲೇ ಹುಟ್ಟು ಹಾಕುತ್ತ ಹಾಕುತ್ತ
ಕೊಲ್ಲಿಯ ನಡುವೆ ನಿಂತ.
"ನನ್ನ ಅಡಿಗೆಮನೆ," ಅಂದ, "ಸರಿಯಾಗಿ ಇದರ ಕೆಳಗೆ.
ಒಲೆ ಆರಿಸಿ ಬಂದೆನೋ ಇಲ್ಲವೋ."
ನಕ್ಕೆವು. ಆಮೇಲೆ ಅವನು ನಗಲಿಲ್ಲ.

ನಡುಗಡ್ಡೆಗೆ ದೋಣಿ ತಾಗಿತು. "ಕಟ್ಟುವುದು ಹೇಗೆ?"
ಏನನ್ನು?
"ದೋಣಿಯನ್ನು, ಮಗಳೇ."
ಹೊಡೆಯಲು ಗುಂಡಿ ಇತ್ತು. ಜಿಗಿಯಲು, ದೋಚಲು,
ಸತ್ತವನ ಬೆರಳಿಂದ ಉಂಗುರ ಕಳಚಲು ಸಹ ಇತ್ತು.
ಕಟ್ಟಲು ಇರಲಿಲ್ಲ.
ನೋಡುನೋಡುತ್ತಿದ್ದ ಹಾಗೆ ಖಾಲಿ ದೋಣಿ
ನಾನೇ ಬರೆದ ಅಲೆಯ ಮೇಲೆ ತೇಲಿ ಹೋಯಿತು.
"ಹೀಗೆ ಬಿಟ್ಟು ದಡ ಹತ್ತಿದವನಿಗೆ
ಅವರ ಕಾಲದಲ್ಲೂ ಯಾರೂ ಊಟ ಹಾಕಿರಲಾರರು,"
ಅಂದು ಟೋಪಿ ಎತ್ತಿಕೊಂಡು ಹೊರಟ.

ಹಗ್ಗ ಹೊಸೆಯಲು ಮೂರು ವಾರ ಹಿಡಿಯಿತು.
ತೋಳಕ್ಕೆ ಎರಡೇ ದಿನ ಸಾಕಾಗಿತ್ತು; ಗಂಟು ಮಾತ್ರ
ಪ್ರತಿ ಸಲವೂ ಗಾಳಿಯಂತೆ ತನ್ನನ್ನೇ ತೂರಿ ಹೋಗುತ್ತಿತ್ತು.
ಕೊನೆಗೆ ನಿಂತಿತು.

ಅದೇ ರಾತ್ರಿ ಇನ್ನೊಂದು ಸಾಲನ್ನೂ ಸೇರಿಸಿದೆ,
ಇಸಾಕ್‌ಗೆ ಹೇಳಿಲ್ಲ:
ಆಟದ ಪ್ರತಿ ವರ್ಷಕ್ಕೂ
ನೆಲ ಒಂದು ಜವೆಕಾಳಿನಷ್ಟು ಏಳಲಿ.
ಅಷ್ಟು ಕಾಲ ಯಾರೂ ಆಡುವುದಿಲ್ಲ.
ಆದರೆ ಯಾರಾದರೂ ದೋಣಿ ಕಟ್ಟಿ,
ಯಂತ್ರ ಆರಿಸುವುದನ್ನು ಮರೆತು ಎದ್ದು ಹೋದರೆ,
ಎಂದೋ ಒಂದು ಬೆಳಗ್ಗೆ
ಬಿಗಿದ ಹಗ್ಗ ಬಿಗಿದ ಹಾಗೇ ಇದ್ದು,
ದೋಣಿ ಹುಲ್ಲಿನ ಮೇಲಿರುತ್ತದೆ.