ಒಂದು ಮುಷ್ಟಿ ಅಂತರ

ಅಂಗೈ ಮೇಲಕ್ಕೆ, ಅಂದರು ದಸ್ತಗಿರ್ ಮಾಸ್ಟರು,
ಚಿಲ್ಲರೆ ಇಸಕೊಳ್ಳೋ ಹಾಗೆ. ಇದು ತಾನ್ ಸೌ.
ಮೊಣಕೈಗೂ ಪಕ್ಕೆಗೂ ಒಂದು ಮುಷ್ಟಿ ಅಂತರ.

ಶಿಡ್ಲಘಟ್ಟದ ಭಾನುವಾರ. ಗೂಡು ಬಿಚ್ಚುವ ಶೆಡ್ಡಿನ ಒಲೆ ಆರಿದೆ,
ಸತ್ತ ಹುಳದ ವಾಸನೆ ಮಾತ್ರ ಗೋಡೆ ಬಿಟ್ಟಿಲ್ಲ.
ನಾವು ಐದು ಹುಡುಗಿಯರು, ಜೊತೆಗೆ ಆಟೋ ಪಿಳ್ಳಾಂಜಿನಪ್ಪ,
ಕಲ್ಲು ಹೊತ್ತವನ ಹಾಗೆ ಸದಾ ಭುಜ ಬಿಗಿದವನು.

ಮೂರು ತಿಂಗಳಾಯಿತು. ಒಂದು ಏಟಿಲ್ಲ.
ರೆಕ್ಕೆಯಂತೆ ಮೊಣಕೈ ಎತ್ತು: ಬಾಂಗ್ ಸೌ.
ಮಣಿಕಟ್ಟು ಬಗ್ಗಿಸಿ ಮೇಲೆ ಕೂರಿಸು: ಫುಕ್ ಸೌ.
ಮತ್ತೆ ಮೊದಲಿಂದ.
ಹೊಡೆಯೋದು ಯಾವಾಗ ಸಾರ್, ಅಂದೇಬಿಟ್ಟೆ.

ಅವರು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ
ಕಣ್ಣು ಮುಚ್ಚು ಅಂದರು.
ತಳ್ಳಿದರು, ಬಿದ್ದೆ.
ಬಿಟ್ಟರು, ಆಗಲೂ ಬಿದ್ದೆ.

ಮೂಲೆಯಲ್ಲಿ ಗೂಡು ಆರಿಸುತ್ತಿದ್ದ ಅಮ್ಮಿ ನಕ್ಕಳು.
ಬಿಸಿನೀರಲ್ಲಿ ಬೆಂದು ಬೆಂದು ಗೆರೆ ಅಳಿದ ಬೆರಳು
ಸೆರಗಿಗೆ ಒರೆಸಿ ನನ್ನ ಕೈ ಮೇಲಿಟ್ಟಳು.
ಎಳೆದೆ, ಬಂದಳು. ಒತ್ತಿದೆ, ಸರಿದಳು. ಕೊಡವಿದೆ,
ನೊಣದಷ್ಟು ಭಾರವೂ ಇಲ್ಲದ ಕೈ, ಅಲ್ಲೇ ಇದೆ.
ತುದಿ ಸಿಕ್ಕಮೇಲೆ ಬಿಡಬಾರದು, ಅಷ್ಟೇ ಕಣೇ.

ಮಾಸ್ಟರು ಏನೂ ಅನ್ನಲಿಲ್ಲ.
ಅಮ್ಮಿ ಮತ್ತೆ ಮಂಕರಿ ಮುಂದೆ ಕೂತು
ಡಬಲ್ ಗೂಡು ಒಂದನ್ನು ಆಚೆ ಎಸೆದಳು.
ನೋಡಿದರೆ ಪಿಳ್ಳಾಂಜಿನಪ್ಪನ ಭುಜ
ಇಳಿದಿತ್ತು.