ಕರೆಂಟು ಹೋದ ಶುಕ್ರವಾರ

ನಿಮ್ಮ ಕತೆಗಳಲ್ಲಿ ಮಾತು ಬಲು ಚಂದ, ಎಲ್ಲಿ ಕಲಿತಿರಿ
ಎಂದು ಕೇಳಿದರು ಧಾರವಾಡದ ಸಭೆಯಲ್ಲೊಬ್ಬರು.
ಅಜ್ಜಿ ಕತೆ ಹೇಳುತ್ತಿದ್ದಳು ಅಂದುಬಿಟ್ಟೆ.
ಅಜ್ಜಿಯನ್ನು ನಾನು ನೋಡಿಯೇ ಇಲ್ಲ.

ಸೋಲಾಪುರ, ಸಾಖರ್ ಪೇಠ. ಹನ್ನೆರಡು ಪವರ್‌ಲೂಮು,
ಅವುಗಳ ಬೆನ್ನಿಗೆ ತಗಡಿನ ಗೋಡೆ, ಗೋಡೆಯ ಈಚೆ ನಾವು:
ಅಪ್ಪ, ಅವ್ವ, ನಾನು, ರೇವಣ್ಯಾ.
ಹಗಲೂ ರಾತ್ರಿ ಖಟ್ ಖಟ್ ಖಟ್ ಖಟ್,
ಚರಿಗೆಯೊಳಗಿನ ನೀರು ತಾನೇ ನಡುಗುತ್ತಿತ್ತು.
ಸಾಲಿಯಲ್ಲಿ ನಾನು ಬಾಯಿ ತೆರೆದರೆ
'ಯಾಕ ಒದರ್ತಿ?' ಅನ್ನುತ್ತಿದ್ದರು ಮಾಸ್ತರರು.

ಅಪ್ಪ ಪಾಳಿ ಮುಗಿಸಿ ಬಂದರೆ, ಹುಬ್ಬಿಗೆಲ್ಲ ಅರಳೆಯ ಪುಡಿ,
ಮೊದಲು ಕೈ ನೋಡಬೇಕು.
ಭಜಿಯ ಪುಡಿಕೆ ಇದ್ದರೆ ಒಂದು ರಾತ್ರಿ.
ಬರಿಗೈ ಇದ್ದರೆ ಇನ್ನೊಂದು.
ಅವನ ಬಾಯಿ ತೆರೆಯುತ್ತಿತ್ತು, ಅವ್ವನದು ತೆರೆಯುತ್ತಿತ್ತು,
ಒಂದಕ್ಷರ ಕೇಳುತ್ತಿರಲಿಲ್ಲ.
ಕೌದಿಯ ಅಂಚಿನಿಂದ ನೋಡುತ್ತ
ಆ ಬಾಯಿಗಳಿಗೆ ನಾನೇ ಮಾತು ಕೊಟ್ಟೆ.
ಅಪ್ಪ: 'ಉಂಡಿಯೇನ?'
ಅವ್ವ: 'ನೀ ಬರೂತನಾ ಹ್ಯಾಂಗ ಉಣ್ಣಲಿ?'
ಅಪ್ಪ ಕೈ ಎತ್ತಿದರೆ: 'ಆ ಮ್ಯಾಲಿನ ಡಬ್ಬಿ ಇಳಿಸಿ ಕೊಡ್ಲ್ಯಾ?'
ಎತ್ತಿದ ಕೈ ಬೀಳುವ ಜಾಗಕ್ಕೆ ಮಾತು ಹೊಂದುತ್ತಿರಲಿಲ್ಲ.
ಕಣ್ಣು ಮುಚ್ಚಿ ಮುಂದಿನ ಸಾಲಿಗೆ ಹೋಗುತ್ತಿದ್ದೆ.
ಇಂದಿಗೂ ಹಾಗೆಯೇ ಹೋಗುತ್ತೇನೆ,
ವಿಮರ್ಶಕರು ಅದಕ್ಕೆ ಸಂಯಮ ಎನ್ನುತ್ತಾರೆ.

ರೇವಣ್ಯಾನ ಕಿವಿಗೆ ಬಾಯಿ ಹಚ್ಚಿ ಹೇಳುತ್ತಿದ್ದೆ:
ಅಪ್ಪ ಹೀಗಂದ, ಅವ್ವ ಹೀಗಂದಳು.
ನಾಲ್ಕು ವರ್ಷದ ಹುಡುಗ, ನನ್ನ ಮೊದಲ ಓದುಗ,
ನಂಬಿ ನಿದ್ದೆ ಹೋಗುತ್ತಿದ್ದ.

ವಾರದ ಸೂಟಿಗೆ ಮಗ್ಗ ನಿಂತ ದಿನ ಅಪ್ಪ ಮನೆಯಲ್ಲಿರುತ್ತಿರಲಿಲ್ಲ.
ಹಾಗಾಗಿ ಮೂರು ವರ್ಷ ನಡೆಯಿತು ನನ್ನ ಆಟ.
ಆಮೇಲೊಂದು ಶುಕ್ರವಾರ, ರಾತ್ರಿ ಒಂಬತ್ತಕ್ಕೆ,
ಬಾಯಿ ತೆರೆದಿರುವಾಗಲೇ ಕರೆಂಟು ಹೋಯಿತು.
ಹನ್ನೆರಡೂ ಮಗ್ಗ ಒಮ್ಮೆಗೇ ಸತ್ತವು.
ಕತ್ತಲಲ್ಲಿ ಬಾಯಿ ಕಾಣಲಿಲ್ಲ,
ಮಾತಷ್ಟೇ ಬಂತು.

ಅದೇನೆಂದು ಇಲ್ಲಿ ಬರೆಯುವುದಿಲ್ಲ.
ಹನ್ನೊಂದು ಪುಸ್ತಕದಲ್ಲೂ ಬರೆದಿಲ್ಲ.
ಓಣಿಯ ಮರಾಠಿಯೋ ಮಗ್ಗದವರ ತೆಲುಗೋ ಆಗಿದ್ದರೆ
ತಿಳಿಯಲಿಲ್ಲ ಅಂತ ನೆಪ ಹೇಳಬಹುದಿತ್ತು.
ಕನ್ನಡ. ನಾನು ಬರೆಯುವ ಇದೇ ಕನ್ನಡ.
ಪಕ್ಕದಲ್ಲಿ ರೇವಣ್ಯಾ ಎದ್ದು ಕೂತಿದ್ದ.
'ಅಕ್ಕಾ, ನೀ ಬರೇ ಸುಳ್ಳ ಹೇಳ್ತಿದ್ದಿ' ಅಂದ.

ನೋವೇ ಗುರು ಎನ್ನುವವರಿದ್ದಾರೆ. ಇರಲಿ.
ಅದೇ ಕೌದಿಯೊಳಗೆ ಬೆಳೆದವನು ರೇವಣ್ಯಾ,
ಒಂದು ಸಾಲು ಬರೆದವನಲ್ಲ, ನನ್ನದೊಂದು ಸಾಲು ಓದಿದವನಲ್ಲ.
ಅಕ್ಕಲಕೋಟ ಕಡೆ ಲೈನ್‌ಮನ್.
ಮಳೆಗಾಳಿಯಲ್ಲಿ ಕಂಬ ಹತ್ತಿ ಹೋದ ಕರೆಂಟು ತರುತ್ತಾನೆ.
ಅವ್ವ? ಪೆಟ್ಟೆಲ್ಲ ಅವಳದೇ.
ಚಾದರಿನ ಅಂಚಿಗೆ ಗೊಂಡೆ ಕಟ್ಟಿದಳು, ಡಜನ್ನಿಗೆ ಇಷ್ಟು ಅಂತ.
ನಾನು ಆ ರಾತ್ರಿಗಳಿಗೆ ಋಣಿಯಲ್ಲ.
ಸುಖವಾಗಿ ಬೆಳೆದಿದ್ದರೂ ಬರೆಯುತ್ತಿದ್ದೆನೇನೋ
ಶೇಂಗಾ ಚಟ್ನಿಯ ಬಗ್ಗೆ,
ಕೆಟ್ಟದಾಗಿ, ನಗುತ್ತ.

ಗಾಳಿ ಎದ್ದ ರಾತ್ರಿ ಅವನ ಫೋನು ಬರುತ್ತದೆ.
'ಅಕ್ಕಾ, ನಿಮ್ಮಲ್ಲಿ ಲೈಟ್ ಐತೇನ?'
'ಐತಿ' ಅನ್ನುತ್ತೇನೆ
ಮೇಣಬತ್ತಿ ಹುಡುಕುತ್ತ.
ಅವನು ಸ್ವಲ್ಪ ಹೊತ್ತು ಫೋನು ಇಡುವುದಿಲ್ಲ.