ಮಸ್ರೆಶಾ

ದೆಸ್ಸೆ ಪಟ್ಟಣದ ಏರುರಸ್ತೆಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ.
ಟೆಫ್ ಕಾಳಿನ ಚೀಲಗಳ ಮೇಲೆ ಇದ್ದಿಲಲ್ಲಿ ಹೆಸರು ಬರೆಯುವುದೇ
ಬೀಸುವುದಕ್ಕಿಂತ ದೊಡ್ಡ ಕೆಲಸ.
ಬೆಲಾಯ್ನೆಶ್ ಅಂದರೆ ನೀನೇ ಮೇಲು,
ಅವಳ ಚೀಲ ಯಾವಾಗಲೂ ಅಡಿಯಲ್ಲಿ.
ದೆಸ್ತಾ ಅಂದರೆ ಹಿಗ್ಗು,
ಕಾಸು ಬಿಚ್ಚುವಾಗ ನೋಡಬೇಕು ಅವನ ಮೋರೆ.
ನನ್ನ ಹೆಸರು ಚೀಲದ ಮೇಲಿಲ್ಲ,
ಬಾಗಿಲ ತಗಡಿನಲ್ಲಿದೆ: ಮಸ್ರೆಶಾ.
ಮರೆಸುವವನು.

ಏನನ್ನು ಮರೆಸಬೇಕಿತ್ತು ಅಂತ
ಹನ್ನೊಂದು ತುಂಬುವವರೆಗೆ ಯಾರೂ ಹೇಳಲಿಲ್ಲ.
ಉಪ್ಪಿಗೆ ಕಳಿಸಿದರೆ ಸೀಮೆಎಣ್ಣೆ ತಂದೆ.
"ಹೆಸರಿಗೆ ತಕ್ಕ ಮಗ" ಅಂತ ಓಣಿಯೆಲ್ಲ ನಕ್ಕಿತು.
ಆಡುತ್ತ ದೂರ ಹೋದರೆ
ಅವ್ವ ಕೊನೆಯ ಅಕ್ಷರವನ್ನು ಇಳಿಜಾರಿಗೆ ಉರುಳಿಬಿಡುವಳು,
ಮಸ್ರೆಶಾಆಆ,
ಅದು ಕಲ್ಲಿನ ಹಾಗೆ ನನ್ನ ಕಾಲಬುಡಕ್ಕೆ ಬಂದು ನಿಲ್ಲುವುದು.
ಗದರುವಾಗ ಹೆಸರು ಮೂರು ತುಂಡು.
ಜ್ವರ ಬಂದ ರಾತ್ರಿಗಳಲ್ಲಿ 'ಮಸ್ರೆ', ಅಷ್ಟೇ,
ಪೂರ್ತಿ ಹೇಳಲು ಹೆದರಿದವಳಂತೆ.

ಸೋಮವಾರದ ಸಂತೆ.
ಈರುಳ್ಳಿ ರಾಶಿಯ ಆಚೆ ಯಾವಳೋ ತನ್ನ ಮಗನನ್ನು ಕೂಗಿದಳು:
"ಅಬೆರಾ!"
ಕೈಯಲ್ಲಿದ್ದ ಈರುಳ್ಳಿ ಕೈಯಲ್ಲೇ,
ಅವ್ವನ ಕತ್ತು ತಿರುಗಿತು.
ಮೈಯೆಲ್ಲ ಇಲ್ಲಿ, ಕತ್ತು ಮಾತ್ರ ಅಲ್ಲಿ.
ಆಮೇಲೆ ಚೌಕಾಸಿಯನ್ನೂ ಮಾಡಲಿಲ್ಲ,
ಕೇಳಿದಷ್ಟು ಕೊಟ್ಟು ಎದ್ದಳು.
ನನಗೊಬ್ಬ ಅಣ್ಣನಿದ್ದ.
ನನ್ನನ್ನು ಕರೆಯಬೇಕಾದರೆ ಪ್ರತಿಸಲ
ಅವಳು ಅವನನ್ನು ದಾಟಿಕೊಂಡೇ ಬರಬೇಕಿತ್ತು.

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.
ಒಂದು ವಾರ ಕರೆದರೂ ಓಗೊಡಲಿಲ್ಲ.
ಎಂಟನೆಯ ದಿನ ಹಸಿವಾಯಿತು,
"ಮಸ್ರೆಶಾ, ಊಟ" ಅಂದಳು, ಹೋದೆ.

ಮಗಳು ಹುಟ್ಟಿದಾಗ ಹೆಸರು ಅವ್ವನನ್ನೇ ಕೇಳಿದೆ.
ಕೆಂಡದ ಮೇಲೆ ಕಾಫಿ ಬೀಜ ಹುರಿಯುತ್ತಿದ್ದಳು.
ಬಾಣಲೆ ಅಲ್ಲಾಡಿಸುತ್ತಲೇ
"ತಿಝಿತಾ" ಅಂದಳು.
ಅಂದರೆ ನೆನಪು.
ನಮ್ಮಲ್ಲಿ ಮಗುವಿನ ಹೆಸರಿನ ಬೆನ್ನಿಗೆ ಅಪ್ಪನ ಹೆಸರು.
ಅವಳು ಎರಡನ್ನೂ ಕೂಡಿಸಿ ನೋಡಿದ್ದಳೋ ಇಲ್ಲವೋ,
ನಾನು ಕೇಳಲಿಲ್ಲ.
ಬೀಜ ಸೀಯತೊಡಗಿತ್ತು.

ಈಗ ದಿನಾ ಬೆಳಿಗ್ಗೆ ಶಾಲೆಯಲ್ಲಿ
ಪುಸ್ತಕದಿಂದ ತಲೆಯೆತ್ತದೆ ಮೇಷ್ಟರು ಕೂಗುತ್ತಾರೆ:
"ತಿಝಿತಾ ಮಸ್ರೆಶಾ."
ಹಲ್ಲು ಬಿದ್ದ ಬಾಯಲ್ಲಿ ಅವಳು
"ಇದ್ದೀನಿ" ಅನ್ನುತ್ತಾಳೆ.
ಅವರು ಗೀಟು ಎಳೆದು
ಮುಂದಿನ ಹೆಸರಿಗೆ ಹೋಗುತ್ತಾರೆ.